ಹೀಟರ್ ಹಾಕಿದರೆ ತಣ್ಣನೆ ಗಾಳಿ: ನಾನು ಹುಡುಕುವ ಕ್ರಮ

ದಾವಣಗೆರೆ ಬಿಸಿಲಿಗೆ ಹೀಟರ್ ಯಾಕೆ ಬೇಕು ಅನ್ನುವವರೇ ಜಾಸ್ತಿ. ಆಗುಂಬೆ ಮಳೆಯಲ್ಲಿ ಮುಂದಿನ ಗಾಜು ಮಬ್ಬಾದಾಗ, ಡಿಸೆಂಬರಿನಲ್ಲಿ ಬೆಳಗಿನ ಜಾವ ಮುಳ್ಳಯ್ಯನಗಿರಿ ಹತ್ತುವಾಗ ಅದರ ನೆನಪಾಗುತ್ತದೆ. ನಮ್ಮ ಕಡೆಯ ಹಳೆ ಕಾರುಗಳಲ್ಲಿ ನನಗೆ ಸಿಗುವ ಕಾರಣ ಹೆಚ್ಚಾಗಿ ಎರಡೇ: ರೇಡಿಯೇಟರಿಗೆ ಸುರಿದ ಬೋರ್ ನೀರು, ಇಲ್ಲವೇ ‘ಎಂಜಿನ್ ತಂಪಾಗಿರಲಿ’ ಅಂತ ಯಾರೋ ಕಿತ್ತು ಬಿಸಾಕಿದ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್).

ಪೆಟ್ರೋಲ್, ಡೀಸೆಲ್ ಕಾರಿನ ಹೀಟರಿಗೆ ಸ್ವಂತ ಬಿಸಿಯಿಲ್ಲ. ಎಂಜಿನ್ನಿನಲ್ಲಿ ಕಾದ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ ಬಂದು ಹೋಗುತ್ತದೆ. ಬ್ಲೋವರ್ ಗಾಳಿ ಅದನ್ನು ಹಾದು ಒಳಗೆ ಬರುತ್ತದೆ. ಎಲೆಕ್ಟ್ರಿಕ್ ಕಾರಿನ ಲೆಕ್ಕ ಬೇರೆ.

ಮೊದಲು, ಎಂಜಿನ್ ಪೂರ್ತಿ ಆರಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡುತ್ತೇನೆ. ಬಿಸಿಯಿದ್ದಾಗ ತೆಗೆದರೆ ಮುಖ ಸುಡುತ್ತದೆ. ಪಕ್ಕದ ಕೂಲೆಂಟ್ ಡಬ್ಬಿ ತುಂಬಿದೆ ಅಂತ ನಂಬಬೇಡಿ. ಮುಚ್ಚಳದ ರಬ್ಬರ್ ಹೋಗಿದ್ದರೆ ಡಬ್ಬಿಯಲ್ಲಿ ಇದ್ದೂ ರೇಡಿಯೇಟರ್ ಖಾಲಿಯಿರುತ್ತದೆ. ಹೀಟರ್ ಕೋರ್ ಸಾಮಾನ್ಯವಾಗಿ ಎತ್ತರದಲ್ಲಿರುವುದರಿಂದ, ಕೂಲೆಂಟ್ ಕಡಿಮೆಯಾದರೆ ಗಾಳಿ ಹೋಗಿ ಕೂರುವುದು ಅಲ್ಲೇ.

ಮಟ್ಟ ಸರಿಯಿದ್ದರೆ ಮುಚ್ಚಳ ಹಾಕಿ, ನಾಬ್ ಪೂರ್ತಿ ಬಿಸಿಗೆ ತಿರುಗಿಸಿ, ಗಾಡಿಯನ್ನು ಹದಿನೈದು ನಿಮಿಷ ಓಡಿಸಿ ಬನ್ನಿ. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಗೋಡೆಯೊಳಗೆ ಹೋಗುವ ಎರಡು ರಬ್ಬರ್ ಪೈಪು ಹುಡುಕಿ, ಬಟ್ಟೆ ಹಿಡಿದು ಮುಟ್ಟಿ. ಫ್ಯಾನ್ ತಾನಾಗಿಯೇ ತಿರುಗೀತು, ಕೈ ದೂರವಿರಲಿ.

ಎರಡೂ ಪೈಪು ಸುಡುತ್ತಿದ್ದರೆ ಕೂಲೆಂಟಿನ ಕಡೆ ತೊಂದರೆಯಿಲ್ಲ. ಡ್ಯಾಶ್ ಒಳಗೆ ಬಿಸಿ-ತಂಪು ಗಾಳಿ ಬೆರೆಸುವ ಪುಟ್ಟ ಬಾಗಿಲು ತಿರುಗುತ್ತಿಲ್ಲ. ಈ ಬಾಗಿಲನ್ನು ಕೇಬಲ್ ತಿರುಗಿಸುವ ಕಾರಾದರೆ ಡ್ಯಾಶ್ ಕೆಳಗೆ ಬಗ್ಗಿ ನೋಡಿ: ನಾಬ್ ತಿರುಗಿಸಿದರೂ ಬಾಗಿಲಿನ ಸನ್ನೆ (ಲಿವರ್) ಅಲುಗದಿದ್ದರೆ ಕ್ಲಿಪ್ ಕಳಚಿದೆ. ನಾಬನ್ನೂ ಸನ್ನೆಯನ್ನೂ ಪೂರ್ತಿ ತಂಪಿನ ಕಡೆಗಿಟ್ಟು ಕ್ಲಿಪ್ ಒತ್ತಿದರೆ ಮುಗಿಯಿತು. ಮೋಟಾರ್ ಇರುವ ಕಾರಿನಲ್ಲಿ ಟಕ್ ಟಕ್ ಸದ್ದು ಬಂದರೆ ಅದರ ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತದೆ; ಮೋಟಾರನ್ನೇ ಬದಲಿಸಬೇಕು.

ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ. ಚಿತ್ರದುರ್ಗದ ಕಡೆಗೆ ಹೈವೇಯಲ್ಲಿ 80ರಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ಕೆಳಗಿಳಿದು, ಊರೊಳಗಿನ ಟ್ರಾಫಿಕ್‌ನಲ್ಲಿ ಮತ್ತೆ ಏರಿದರೆ ಹೆಚ್ಚುಕಡಿಮೆ ಖಚಿತ. ಮುಳ್ಳಿಲ್ಲದ ಕಾರಿಗೆ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಉಪಕರಣ) ಸಾಕು; ಹೈವೇಯಲ್ಲಿ 70 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟಿನ ಕವಚ ಬಿಚ್ಚಿ. ಎಷ್ಟೋ ಸಲ ಒಳಗೆ ಏನೂ ಇರುವುದಿಲ್ಲ! ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಬೇಗ ಕಾಯುವುದಿಲ್ಲ, ಮೈಲೇಜ್ ಇಳಿಯುತ್ತದೆ. ಬೈಪಾಸ್ ದಾರಿಯನ್ನೂ ಥರ್ಮೋಸ್ಟಾಟೇ ಮುಚ್ಚುವ ಎಂಜಿನ್ನುಗಳಲ್ಲಂತೂ ಕೂಲೆಂಟ್ ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ, ಬೇಸಿಗೆಯಲ್ಲಿ ಓವರ್‌ಹೀಟೇ ಆಗಬಹುದು.

ಹೊಸದನ್ನು ಕೂರಿಸುವ ಮೊದಲು ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರದಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸುತ್ತೇನೆ. 82 ಅಂತ ಅಚ್ಚಿದ್ದರೆ ಅದರ ಆಸುಪಾಸಿನಲ್ಲೇ ಬಾಯಿ ಬಿಡಬೇಕು. ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ, ಗಾಳಿ ಹೊರಡುವುದು ಅಲ್ಲಿಂದ. ಗ್ಯಾಸ್ಕೆಟ್ (ಸೋರದಂತೆ ಮಧ್ಯೆ ಕೂರಿಸುವ ಸೀಲು) ಹೊಸದೇ ಹಾಕಿ.

ಒಂದು ಪೈಪು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೂಲೆಂಟ್ ಕೋರಿನಲ್ಲಿ ಹರಿಯುತ್ತಿಲ್ಲ. ಹಳೆ ಮಾದರಿಗಳಲ್ಲಿ ಪೈಪಿನ ಮಧ್ಯೆ ನೀರಿನ ವಾಲ್ವ್ ಇರುತ್ತದೆ, ಅದು ತೆರೆಯುತ್ತಿದೆಯೇ ಮೊದಲು ನೋಡಿ. ತೆರೆಯುತ್ತಿದ್ದರೆ ಹೆಚ್ಚಾಗಿ ಕೋರ್ ಕಟ್ಟಿದೆ ಅಂತ ಅರ್ಥ. ನಮ್ಮ ಬೋರ್ ನೀರಿನ ಗಡಸುತನ ಗೊತ್ತಲ್ಲ. ಗೀಸರ್ ಕಾಯಿಲಿಗೆ ಹತ್ತುವ ಬಿಳಿ ಉಪ್ಪೇ ಇಲ್ಲಿಯೂ ಹತ್ತುತ್ತದೆ.

ಆರಿದ ಎಂಜಿನ್ನಿನಲ್ಲಿ ಎರಡೂ ಪೈಪು ಬಿಚ್ಚಿ. ಹಳೆ ಪೈಪು ಅಂಟಿಕೊಂಡಿದ್ದರೆ ಎಳೆಯಬೇಡಿ, ಕೋರಿನ ಮೂತಿ ಮುರಿದರೆ ಡ್ಯಾಶ್‌ಬೋರ್ಡ್ ಇಳಿಸಬೇಕಾಗುತ್ತದೆ. ಪೈಪನ್ನೇ ಉದ್ದಕ್ಕೆ ಸೀಳಿ ತೆಗೆದು ಹೊಸದು ಹಾಕಿ. ನೀರು ಹೊರಬರುವ ಮೂತಿಯಿಂದ ಹಿಮ್ಮುಖವಾಗಿ ಮೆಲ್ಲಗೆ ನೀರು ಬಿಡಿ. ವಾಟರ್ ಸರ್ವಿಸ್‌ನ ಗನ್ ಹಿಡಿದರೆ ಕೋರ್ ಒಡೆಯುತ್ತದೆ. ಕೆಸರು ನಿಂತ ಮೇಲೆ ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ (ಕಿರಾಣಿ ಅಂಗಡಿಯ ನಿಂಬೆ ಉಪ್ಪು) ಕರಗಿಸಿ, ಕೋರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ತಿಳಿ ನೀರು ಬರುವ ತನಕ ತೊಳೆಯಿರಿ. ಕೊನೆಯ ಸುತ್ತು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿನದು. ಬಾತ್‌ರೂಮ್ ಆಸಿಡ್ ಬೇಡವೇ ಬೇಡ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ, ಅಂಟಂಟಾಗಿ, ಸಿಹಿ ವಾಸನೆ ಬರುತ್ತಿದ್ದರೆ ತೊಳೆಯುವ ಶ್ರಮವೇ ಬೇಡ, ಕೋರ್ ತೂತಾಗಿದೆ. ರೇಡಿಯೇಟರಿನಲ್ಲಿ ಕೂಲೆಂಟೇ ಇದ್ದು, ಒದ್ದೆ ವಾಸನೆಯಿಲ್ಲದ ಬರೀ ನೀರಾದರೆ ಅದು ಹೆಚ್ಚಾಗಿ ಎಸಿಯದು.

ತುಂಬುವಾಗ ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ, ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ. ಸಣ್ಣ ಕಾರಿಗೆ ನಾಲ್ಕೈದು ಲೀಟರ್ ತಂದಿಟ್ಟುಕೊಳ್ಳಿ. ಕಾರಿನ ಮೂತಿ ಎತ್ತರಕ್ಕಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಮುಚ್ಚಳ ತೆಗೆದು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ. ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಹಿಸುಕುತ್ತಾ, ಇಳಿದಷ್ಟು ತುಂಬುತ್ತಾ ಗುಳ್ಳೆ ಹೊರಡಿಸಿ. ಉಕ್ಕಿ ಬರುವ ಸೂಚನೆ ಕಂಡೊಡನೆ ಮುಚ್ಚಳ ಹಾಕಿ. ಗುಳ್ಳೆ ನಿಲ್ಲುವುದೇ ಇಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಪರೀಕ್ಷೆ ಮಾಡಿಸಬೇಕು. ಇಳಿಸಿದ ಹಳೆ ಕೂಲೆಂಟನ್ನು ಬಯಲಿನಲ್ಲಿ ಬಿಡಬೇಡಿ, ಸಿಹಿಗೆ ನಾಯಿ, ದನ ನೆಕ್ಕಿದರೆ ಸಾಯುತ್ತವೆ.

ಮರುದಿನ ಬೆಳಿಗ್ಗೆ ಎಂಜಿನ್ ಆರಿರುವಾಗ ಇನ್ನೊಮ್ಮೆ ಮಟ್ಟ ನೋಡಿ, ಸಾಮಾನ್ಯವಾಗಿ ಒಂದು ಲೋಟದಷ್ಟು ಮತ್ತೆ ಹಿಡಿಯುತ್ತದೆ.