ಅರ್ಧ ಎತ್ತಿದ ಶಟರ್: ಉಜ್ಜೀವನ ಬೇಡಿದ ನನ್ನ ಅನುಭವ

ದಾವಣಗೆರೆಯಲ್ಲಿ ಉಜ್ಜೀವನ ಕೂಟಗಳಿಗೆ, ಅಂದರೆ ಕ್ರೈಸ್ತರ ಭಕ್ತಿಗೆ ಮತ್ತೆ ಜೀವ ತುಂಬಲು ನಡೆಸುವ ಕೂಟಗಳಿಗೆ, ನಾನು ಹನ್ನೊಂದು ವರ್ಷ ಓಡಾಡಿದ್ದೇನೆ. ಶಾಮಿಯಾನ, ಸೌಂಡ್ ಸಿಸ್ಟಮ್, ಹೊರಗಿನಿಂದ ಬರುವ ಬೋಧಕರಿಗೆ ರೂಮು, ಎಲ್ಲ ನನ್ನ ಜವಾಬ್ದಾರಿ. ಮೂರು ದಿನ ಮೈದಾನ ತುಂಬುತ್ತಿತ್ತು. ಜನ ಅಳುತ್ತಿದ್ದರು. ಮುಂದಿನ ಬುಧವಾರದ ಪ್ರಾರ್ಥನೆಗೆ ಮಾತ್ರ ಅದೇ ಐದಾರು ಅಜ್ಜಿಯರು.

ಎರಡು ವರ್ಷದ ಹಿಂದೆ ಬ್ಯಾನರಿಗೆ ಸತ್ಯವೇದದ, ಅಂದರೆ ಬೈಬಲಿನ, ಹಬಕ್ಕೂಕ 3:2 ವಚನ ಹಾಕೋಣ ಎಂದರು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಕಪಾಟಿನಿಂದ ಸತ್ಯವೇದ ತೆಗೆದೆ. ಅಂಚಿಗೆ ಚಿನ್ನದ ಬಣ್ಣ ಹಚ್ಚಿದ್ದು, ತಂದು ನಾಲ್ಕು ವರ್ಷವಾಗಿತ್ತು. ಹಬಕ್ಕೂಕನ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಉಗುರು ಹಾಕಿ ಬಿಡಿಸಿದಾಗ ಚರ್ ಎಂದು ಸದ್ದಾಯಿತು. ದೇವರೇ, ನಿನ್ನ ಕೆಲಸವನ್ನು ನಮ್ಮ ಕಾಲದಲ್ಲಿ ಮತ್ತೆ ಮಾಡು ಎಂದು ಪ್ರವಾದಿ ಬೇಡುವ ಜಾಗ ಅದು. ಊರಿಗೆಲ್ಲ ಅದನ್ನು ಬರೆಸಿ ಹಾಕಲು ಹೊರಟ ನಾನು ಆ ಪುಟವನ್ನೇ ತೆರೆದಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಗಿನ ಜಾವ ಐದಕ್ಕೆ ನನ್ನ ಪಾತ್ರೆ ಅಂಗಡಿಯ ಶಟರ್ ಅರ್ಧ ಎತ್ತಿ ಒಳಗೆ ಕೂತೆ. ಸಭೆಯಲ್ಲಿ ಹೇಳಿದ್ದೆ, ಯಾರೂ ಬರಲಿಲ್ಲ. ಹದಿನೈದು ದಿನ ಒಬ್ಬನೇ. ಆಗ ಧೈರ್ಯ ಕೊಟ್ಟದ್ದು ನ್ಯೂಯಾರ್ಕಿನ ಜೆರೆಮಾಯ ಲ್ಯಾನ್‌ಫಿಯರ್ ಕಥೆ. 1857ರ ಸೆಪ್ಟೆಂಬರ್ 23ರಂದು ಅವರು ಮಧ್ಯಾಹ್ನದ ಪ್ರಾರ್ಥನೆಗೆ ಕರೆದು ಅರ್ಧ ಗಂಟೆ ಒಬ್ಬರೇ ಕಾದರು. ಕೊನೆಗೆ ಬಂದವರು ಆರು ಜನ. ಆರು ತಿಂಗಳೊಳಗೆ ಆ ಊರಿನಲ್ಲಿ ದಿನಾ ಸಾವಿರಾರು ಜನ ಪ್ರಾರ್ಥನೆಗೆ ಕೂಡುತ್ತಿದ್ದರು.

ನನ್ನ ಅಂಗಡಿಗೆ ಮೊದಲು ಬಂದವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಸಹೋದರ. ಅಂಗಿಯಲ್ಲಿ ಹೊಗೆ ವಾಸನೆ, ಕಣ್ಣು ಕೆಂಪು. ಆಮೇಲೆ ಒಬ್ಬ ಆಟೋ ಡ್ರೈವರ್. ಮೈಕ್ ಇಲ್ಲ, ಮೊಬೈಲ್ ಇಲ್ಲ. ಒಂದು ಅಧ್ಯಾಯ ನಿಧಾನವಾಗಿ ಗಟ್ಟಿಯಾಗಿ ಓದುವುದು. ಆಮೇಲೆ ಹತ್ತು ನಿಮಿಷ ಸುಮ್ನೆ ಕೂರುವುದು. ಇದೇ ಜಾಸ್ತಿ ಕಷ್ಟ. ಬಾಯಿ ತೆರೆದರೆ ಅವರವರ ತಪ್ಪು ಮಾತ್ರ ಹೇಳಬೇಕು, ಬೇರೆಯವರದ್ದಲ್ಲ.

ಒಂದು ದಿನ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟಣೆಯ ಮೂರನೇ ಅಧ್ಯಾಯ ಓದಿದೆವು. ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ ಎಂಬ ಯೇಸುವಿನ ಮಾತನ್ನು ನಾವು ಕರಪತ್ರದಲ್ಲಿ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಹಂಚುತ್ತೇವೆ. ಭಟ್ಟಿಯ ಸಹೋದರ ಕೇಳಿದರು: "ಅಣ್ಣ, ಇದು ಲವೊದಿಕೀಯ ಊರಿನ ಕ್ರೈಸ್ತ ಸಭೆಗೇ ಬರೆದದ್ದಲ್ವಾ? ಹಾಗಾದ್ರೆ ಕರ್ತನು ಯಾರ ಮನೆ ಹೊರಗೆ ನಿಂತಿದ್ದಾನೆ?" ಯಾರೂ ಉತ್ತರ ಕೊಡಲಿಲ್ಲ.

ಉಜ್ಜೀವನ ಅಂದರೆ ಅದ್ಭುತ, ಅನ್ಯಭಾಷೆ (ಪ್ರಾರ್ಥನೆಯ ಆವೇಶದಲ್ಲಿ ಕಲಿಯದ ಭಾಷೆ ಆಡುವುದು) ಎಂದು ನಮ್ಮವರು ಅಂದುಕೊಂಡಿದ್ದಾರೆ. ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ 1905ರಲ್ಲಿ ಪುಣೆ ಹತ್ತಿರದ ಕೇಡಗಾಂವಿನ ಮುಕ್ತಿ ಆಶ್ರಮದಲ್ಲಿ ಪ್ರಾರ್ಥನೆಗೆ ಕರೆದಾಗ ಸುಮಾರು 70 ಜನ ಮುಂದೆ ಬಂದರು. ಕೆಲವು ತಿಂಗಳಲ್ಲಿ ಅಲ್ಲಿನ ಹೆಣ್ಣುಮಕ್ಕಳು ತಮ್ಮ ಪಾಪಗಳನ್ನು ಅರಿಕೆ ಮಾಡಿ ಅತ್ತರು. ಅರಿಕೆ ಇಲ್ಲದ ಉಜ್ಜೀವನ ನನಗಂತೂ ಬೇಡ.

ತಪ್ಪು ಹೇಳುವ ನನ್ನ ಸರದಿ ಲೂಕನ ಸುವಾರ್ತೆಯ 19ನೇ ಅಧ್ಯಾಯ ಓದಿದ ದಿನ ಬಂತು. ಅದರಲ್ಲಿ ಸುಂಕ ವಸೂಲಿಯ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎನ್ನುತ್ತಾನೆ. ಮೂರು ವರ್ಷದ ಹಿಂದೆ ಅಂಗಡಿಯಲ್ಲಿ ಒಂದು ಮಿಕ್ಸಿ ಬಿದ್ದು ಒಡೆದಿತ್ತು. ಕೆಲಸದ ಹುಡುಗನ ಸಂಬಳದಲ್ಲಿ 4,000 ರೂಪಾಯಿ ಹಿಡಿದುಕೊಂಡಿದ್ದೆ. ಇಬ್ಬರು ಸಹೋದರರ ಮುಂದೆ ಅದನ್ನು ಹೇಳುವಾಗ ನಾಲಿಗೆ ಒಣಗಿತು.

ಆ ಭಾನುವಾರ ಆರಾಧನೆ ಮುಗಿಸಿ ಹರಿಹರದ ಬಸ್ಸು ಹತ್ತಿದೆ. ಹುಡುಗ ಮನೆ ಮುಂದೆ ಬೈಕ್ ತೊಳೆಯುತ್ತಿದ್ದ. 16,000 ಇದ್ದ ಕವರ್ ಕೊಟ್ಟೆ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಆದರೆ ತೆಗೆದುಕೊಳ್ಳಲಿಲ್ಲ. "ಮಿಕ್ಸಿ ನಾನು ಬೀಳಿಸಿರಲಿಲ್ಲ ಸಾರ್" ಎಂದ.

"ಗೊತ್ತಪ್ಪಾ, ಅವತ್ತೇ ಗೊತ್ತಿತ್ತು" ಎಂದೆ. ಆಗ ತೆಗೆದುಕೊಂಡ.

ಈಗ ಐದು ಗಂಟೆಗೆ ಒಂಬತ್ತು ಜನ ಸೇರುತ್ತೇವೆ. ಈ ವರ್ಷ ಕೂಟಕ್ಕೆ ಮುಂಚೆ ಸಂಘಟಕರೆಲ್ಲ ನಲವತ್ತು ದಿನ ಹೀಗೆ ಕೂರೋಣ ಎಂದು ಕೇಳಿಕೊಂಡಿದ್ದೇನೆ. ಸದ್ಯ ಇಬ್ಬರು ಒಪ್ಪಿದ್ದಾರೆ.