ಬಸ್ಸಾರಿನ ಪಲ್ಯ ಬಿಡಬೇಡಿ: ತೂಕಕ್ಕೂ ಕೊಲೆಸ್ಟ್ರಾಲಿಗೂ ನಾರಿನ ಊಟ

ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ ರಿಪೋರ್ಟ್ ಬಂದ ತಕ್ಷಣ ಎಷ್ಟೋ ಜನ ಮೊದಲು ತರುವುದು ಓಟ್ಸ್ ಪ್ಯಾಕೆಟ್. ತನ್ನಿ, ಓಟ್ಸ್ ಒಳ್ಳೆಯದೇ. ಆದರೆ ನಮ್ಮ ಹಾಸನದ ಕಡೆ ಅಡುಗೆಮನೆಯಲ್ಲಿ ಬೇಕಾದಷ್ಟು ನಾರು ಆಗಲೇ ಇದೆ. ತಟ್ಟೆಗೆ ಬರುವಷ್ಟರಲ್ಲಿ ಅದನ್ನು ನಾವೇ ಬಿಟ್ಟುಬಿಡುತ್ತೇವೆ.

ಬಸ್ಸಾರನ್ನೇ ನೋಡಿ. ಅಲಸಂದೆ ಕಾಳೋ ಹೆಸರುಕಾಳೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ, ನೀರು ಬಸಿದು ಅದರಲ್ಲಿ ಸಾರು ಮಾಡುತ್ತೇವೆ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ನಾರು ಬಹುಪಾಲು ಉಳಿಯುವುದು ಆ ಪಲ್ಯದಲ್ಲೇ. ನಾವೋ ಎರಡು ಮುದ್ದೆಗೆ ಸಾರು ಸುರಿದುಕೊಂಡು ಪಲ್ಯ ನೆಂಚಿಕೊಳ್ಳಲು ಒಂದು ಚಮಚ ಹಾಕಿಕೊಳ್ಳುತ್ತೇವೆ. ಇದನ್ನು ತಿರುಗಿಸಿ. ಒಂದೇ ಮುದ್ದೆ, ಬಟ್ಟಲು ತುಂಬ ಪಲ್ಯ. ಹುರಳಿ ಕಟ್ಟಿನ ಸಾರು ಮಾಡಿದಾಗಲೂ ಅಷ್ಟೇ. ಬೆಂದ ಕಾಳನ್ನು ದನಕ್ಕೆ ಹಾಕುವ ಮೊದಲು ಮನೆಯವರ ಪಾಲು ತೆಗೆದಿಡಿ.

ಇದು ಕೆಲಸ ಮಾಡುವುದು ಹೀಗೆ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತರಸ ಮಾಡುತ್ತದೆ. ಕಾಳು, ಓಟ್ಸ್, ಬಾರ್ಲಿ, ಬೆಂಡೆಕಾಯಿ, ಮೆಂತ್ಯದಲ್ಲಿರುವ ಲೋಳೆಯಂಥ ನಾರು ಕರುಳಲ್ಲಿ ಆ ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಆಗ ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ. ತೂಕದ ವಿಷಯ ಇನ್ನೂ ಸರಳ: ಹೊಟ್ಟೆ ಬೇಗ ತುಂಬುತ್ತದೆ, ಬೇಗ ಹಸಿಯುವುದಿಲ್ಲ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಂತ ರಾಗಿ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದರೆ ಹೊಟ್ಟಿನ ಜೊತೆ ನಾರೂ ಹೋಗುತ್ತದೆ. ಹಾಗೇ ಬಳಸಿ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಅಕ್ಕಿ ರೊಟ್ಟಿ, ಕಡುಬು ಬಿಡಿ ಅಂದರೆ ಯಾರು ಕೇಳುತ್ತಾರೆ? ಬಿಡುವುದೂ ಬೇಡ. ರೊಟ್ಟಿ ಹಿಟ್ಟಿಗೆ ನುಗ್ಗೆಸೊಪ್ಪು, ಸಬ್ಬಸಿಗೆ ಸೊಪ್ಪು ಧಾರಾಳವಾಗಿ ಕಲಸಿ, ಒಂದು ರೊಟ್ಟಿ ಕಮ್ಮಿ ಮಾಡಿ, ಜೊತೆಗೆ ಬಾಳೆದಿಂಡಿನ ಪಲ್ಯವೋ ಕಾಳಿನ ಗೊಜ್ಜೋ ಇಟ್ಟುಕೊಳ್ಳಿ. ಅವರೆಕಾಯಿ ಕಾಲದಲ್ಲಿ ಹಿತಕವರೆ ರುಚಿ ನಿಜ, ಆದರೆ ಹಿಸುಕಿ ಎಸೆಯುವ ಸಿಪ್ಪೆಯಲ್ಲೇ ನಾರು ಜಾಸ್ತಿ. ದಿನದ ಸಾರಿಗೆ ಸಿಪ್ಪೆ ಸಮೇತ ಹಾಕಿ. ಸಂಜೆ ಬಜ್ಜಿ ಬದಲು ಸೀಬೆಹಣ್ಣು ತಿನ್ನಿ, ಜ್ಯೂಸ್ ಬೇಡ.

ತೆಂಗಿನ ತುರಿಯಲ್ಲಿ ನಾರಿದೆ ನಿಜ, ಜಿಡ್ಡೂ ಇದೆ, ಆ ಜಿಡ್ಡು ಕೊಲೆಸ್ಟ್ರಾಲ್ ಏರಿಸುವಂಥದ್ದು. ಅರಸೀಕೆರೆ ಕಡೆಯವರಿಗೆ ಇದು ಕಷ್ಟದ ಮಾತು ಅಂತ ಗೊತ್ತು. ಆದರೂ ಪಲ್ಯಕ್ಕೆ ಒಂದು ಹಿಡಿ ಹಾಕುವ ಕಡೆ ಒಂದು ಚಮಚ ಸಾಕು.

ಇನ್ನೊಂದು ಮುಖ್ಯ ಮಾತು. ಒಂದೇ ದಿನ ಎಲ್ಲಾ ಬದಲಾಯಿಸಬೇಡಿ, ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗಿ ಬೇಸರ ಬಂದು ಬಿಟ್ಟುಬಿಡುತ್ತೀರಿ. ಮೊದಲ ವಾರ ಮಧ್ಯಾಹ್ನದ ಊಟ ಮಾತ್ರ ಬದಲಾಗಲಿ, ಆಮೇಲೆ ರಾತ್ರಿಯದು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ. ನೀರು ಜಾಸ್ತಿ ಕುಡಿಯಿರಿ, ಇಲ್ಲದಿದ್ದರೆ ಮಲಬದ್ಧತೆ ಹೆಚ್ಚುತ್ತದೆ. ಇಸಬಗೋಲು ತಗೊಳ್ಳುವವರು ದೊಡ್ಡ ಲೋಟ ನೀರಿನ ಜೊತೆ ತಗೊಳ್ಳಿ, ಅದಕ್ಕೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆ ಇದ್ದರೆ ಎಷ್ಟು ಅಂತರ ಬೇಕು ಅಂತ ಡಾಕ್ಟರನ್ನು ಕೇಳಿ. ಕಿಡ್ನಿ ಅಥವಾ ಕರುಳಿನ ತೊಂದರೆ ಇರುವವರೂ ಕೇಳಿಯೇ ಶುರು ಮಾಡಿ.

ಕೊಲೆಸ್ಟ್ರಾಲ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡು ಮೂರು ತಿಂಗಳು ಹೀಗೆ ಉಂಡು ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕಮ್ಮಿ ಮಾಡಬಹುದಾ ಅನ್ನುವುದನ್ನು ಆ ರಿಪೋರ್ಟ್ ನೋಡಿ ಡಾಕ್ಟರೇ ಹೇಳಲಿ.