ಕೊನೆಯ ಒಂದು ಮಿಲಿಮೀಟರ್: ಕೈಯಲ್ಲಿ ಮಾಡಿದ ಗಿಟಾರಿನ ಆಕ್ಷನ್ ಹೊಂದಿಸುವುದು

ಹೊಸ ಗಿಟಾರಿಗೆ ತಂತಿ ಕಟ್ಟಿದ ದಿನವೇ ನಾನು ಆಕ್ಷನ್‌ಗೆ, ಅಂದರೆ ತಂತಿಗಳ ಎತ್ತರಕ್ಕೆ, ಕೈ ಹಾಕುವುದಿಲ್ಲ. ಮೂರು ವಾರ ಶ್ರುತಿಯಲ್ಲೇ ಇಟ್ಟು, ದಿನಾ ನುಡಿಸುತ್ತೇನೆ. ತಂತಿಗಳ ಎಳೆತಕ್ಕೆ ಕತ್ತು ತುಸು ಬಾಗುತ್ತದೆ, ಬ್ರಿಡ್ಜ್ (ತಂತಿಗಳನ್ನು ಕಟ್ಟುವ, ಮೇಲಿನ ಹಲಗೆಗೆ ಅಂಟಿಸಿದ ಮರದ ತುಂಡು) ಹಿಂದಿನ ಹಲಗೆ ಚೂರು ಉಬ್ಬುತ್ತದೆ. ಅದೆಲ್ಲ ಒಂದು ಹದಕ್ಕೆ ಬಂದು ನಿಂತ ಮೇಲೆ ಅಳೆಯಬೇಕು.

ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ಅಡಿಯವರೆಗೆ ಎಷ್ಟು ಜಾಗವಿದೆ ಅನ್ನುವುದೇ ಆಕ್ಷನ್. ನನ್ನ ಹತ್ತಿರ ಒಂದು ಪುಟ್ಟ ಸ್ಟೀಲ್ ಸ್ಕೇಲ್ ಇದೆ. ಅದರ ತುದಿಯನ್ನು ಉಜ್ಜಿ, ಸೊನ್ನೆ ಸರಿಯಾಗಿ ಅಂಚಿನಿಂದಲೇ ಶುರುವಾಗುವ ಹಾಗೆ ಮಾಡಿಕೊಂಡಿದ್ದೇನೆ. ಕ್ಲಾಸಿಕಲ್ ಗಿಟಾರಿಗೆ ಆರನೇ ತಂತಿಯಲ್ಲಿ 4 ಮಿ.ಮೀ., ಒಂದನೇ ತಂತಿಯಲ್ಲಿ 3 ಮಿ.ಮೀ. ಸುತ್ತಮುತ್ತ ಇಡುತ್ತೇನೆ. ಸ್ಪೇನಿನ ಫ್ಲಮೆಂಕೋ ಸಂಗೀತದ ಗಿಟಾರಿಗೆ 3 ಮತ್ತು 2.5. ದಪ್ಪ ತಂತಿ ಅಗಲವಾಗಿ ಅದುರುತ್ತದೆ, ಅದಕ್ಕೇ ಅದಕ್ಕೆ ಜಾಸ್ತಿ ಜಾಗ ಬೇಕು.

ಆದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಮೂಳೆಯ ಪಟ್ಟಿ) ಮುಟ್ಟುವ ಮೊದಲು ಕತ್ತು ನೋಡಿ. ಆರನೇ ತಂತಿಯನ್ನು 1 ಮತ್ತು 12ನೇ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, 6ನೇ ಫ್ರೆಟ್ ಹತ್ತಿರ, ಕೂದಲೆಳೆಯಷ್ಟು ಸಂದು ಕಾಣಬೇಕು. 0.1ರಿಂದ 0.2 ಮಿ.ಮೀ. ಸಾಕು. ಫ್ಲಮೆಂಕೋದಲ್ಲಿ ಇನ್ನೂ ಕಡಿಮೆ ಇದ್ದರೂ ನಡೆಯುತ್ತದೆ. ಕೈಯಲ್ಲಿ ಮಾಡಿದ ಬಹಳಷ್ಟು ಗಿಟಾರ್‌ಗಳ ಕತ್ತಿನೊಳಗೆ ತಿರುಗಿಸಿ ಸರಿಮಾಡುವ ರಾಡ್ ಇರುವುದಿಲ್ಲ. ಬಾಗು ಜಾಸ್ತಿ ಇದ್ದರೆ ಅದು ಫ್ರೆಟ್ ಬೋರ್ಡಿನ ಕೆಲಸ, ಸ್ಯಾಡಲ್‌ನ ಕೆಲಸವಲ್ಲ.

ಆಮೇಲೆ ನಟ್, ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ. 2 ಮತ್ತು 3ನೇ ಫ್ರೆಟ್‌ಗಳ ನಡುವೆ ತಂತಿ ಒತ್ತಿ, 1ನೇ ಫ್ರೆಟ್ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿ. ಸಣ್ಣಗೆ ‘ಟಿಕ್’ ಅಂದರೆ ಸರಿಯಿದೆ. ತಂತಿ ಎದ್ದು ಕಾಣುವಷ್ಟು ಕೆಳಗಿಳಿದರೆ ನಟ್‌ನ ಗಾಡಿ (ತಂತಿ ಕೂರುವ ಸೀಳು) ಇನ್ನೂ ಎತ್ತರದಲ್ಲಿದೆ. ತಂತಿಯ ದಪ್ಪಕ್ಕೆ ಹೊಂದುವ ಅರದಿಂದ ಎರಡೆರಡು ಸಲ ಉಜ್ಜಿ, ಪ್ರತಿ ಸಲವೂ ತಟ್ಟಿ ನೋಡಿ. ಇಲ್ಲಿ ಅವಸರ ಬೇಡವೇ ಬೇಡ. ಒಂದು ಗಾಡಿ ಆಳವಾದರೆ ಬಿಡಿ ತಂತಿ ಜಿರ್ರೆನ್ನುತ್ತದೆ, ಹೊಸ ನಟ್ಟೇ ಮಾಡಬೇಕಾಗುತ್ತದೆ.

ಈಗ ಸ್ಯಾಡಲ್. ಇಲ್ಲೊಂದು ಸುಲಭದ ಲೆಕ್ಕವಿದೆ. 650 ಮಿ.ಮೀ. ತಂತಿಯಲ್ಲಿ 12ನೇ ಫ್ರೆಟ್ ಇರುವುದು ಸರಿಯಾಗಿ ಅರ್ಧದಲ್ಲಿ. ಹಾಗಾಗಿ ಅಲ್ಲಿ 0.5 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 1 ಮಿ.ಮೀ. ತೆಗೆಯಬೇಕು. ಆರನೇ ತಂತಿ 4.6 ಇದೆ, 4 ಬೇಕು ಅನ್ನಿ. ಆ ಕಡೆ 1.2 ತೆಗೆಯಬೇಕು. ಒಂದನೇ ತಂತಿ 3.3 ಇದ್ದು 3 ಬೇಕಾದರೆ ಈ ಕಡೆ 0.6 ಸಾಕು. ಎರಡು ಗುರುತುಗಳನ್ನು ಚೂಪಾದ ಪೆನ್ಸಿಲ್ ಗೆರೆಯಿಂದ ಸೇರಿಸಿ. ದಪ್ಪ ಗಾಜಿನ ಮೇಲೆ 240ರ ಸ್ಯಾಂಡ್ ಪೇಪರ್ ಅಂಟಿಸಿ, ಮೂಳೆಯ ಅಡಿಭಾಗವನ್ನು ಗೆರೆ ಅರ್ಧ ಉಳಿಯುವವರೆಗೆ ಉಜ್ಜಿ. ಅಡಿ ಸಪಾಟಾಗಿ, ಬದಿಗೆ ನೇರವಾಗಿ ಇರಲೇಬೇಕು. ಸ್ಯಾಡಲ್ ಬ್ರಿಡ್ಜ್‌ನ ಗಾಡಿಯಲ್ಲಿ ಪೂರ್ತಿ ಕೂರದಿದ್ದರೆ ನಾದ ಅಲ್ಲೇ ಸೋರಿಹೋಗುತ್ತದೆ. ಮೂಳೆಯ ಪುಡಿ ಒಳಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಎಷ್ಟು ಬೇಕಾದರೂ ಇಳಿಸಬಹುದಾ ಅಂತ ಕೇಳುವವರು ಇದ್ದಾರೆ. ಇಲ್ಲ. ಬ್ರಿಡ್ಜ್ ಮೇಲೆ ಸ್ಯಾಡಲ್ 2 ಮಿ.ಮೀ. ಆದರೂ ಕಾಣುವಂತೆ ಬಿಡುತ್ತೇನೆ. ಅದಕ್ಕಿಂತ ಕಡಿಮೆಯಾದರೆ ತಂತಿ ಸ್ಯಾಡಲ್ ಮೇಲೆ ಗಟ್ಟಿಯಾಗಿ ಬಾಗುವುದಿಲ್ಲ, ದನಿ ಸೊರಗುತ್ತದೆ. ಕ್ಲಾಸಿಕಲ್ ಗಿಟಾರನ್ನು ಉಜ್ಜಿ ಉಜ್ಜಿ ಫ್ಲಮೆಂಕೋ ಮಾಡಲು ಆಗದಿರುವುದೂ ಇದಕ್ಕೇ. ಫ್ಲಮೆಂಕೋದಲ್ಲಿ ಬ್ರಿಡ್ಜ್ ಹತ್ತಿರ ತಂತಿಗಳು ಹಲಗೆಯಿಂದ 7–8 ಮಿ.ಮೀ. ಮಾತ್ರ ಮೇಲಿರುತ್ತವೆ, ಬೆರಳು ತಂತಿ ಮೀಟುತ್ತಲೇ ಹಲಗೆಯನ್ನೂ ತಟ್ಟಬೇಕಲ್ವಾ. ಕ್ಲಾಸಿಕಲ್‌ನಲ್ಲಿ ಅದು 10–12ರವರೆಗೆ ಇರುತ್ತದೆ. ಈ ವ್ಯತ್ಯಾಸ ಕತ್ತು ಕೂರಿಸುವ ಕೋನದಲ್ಲೇ ನಿರ್ಧಾರವಾಗಿರುತ್ತದೆ. ಸ್ಯಾಡಲ್‌ಗೆ ಉಳಿಯುವುದು ಕೊನೆಯ ಒಂದು ಮಿಲಿಮೀಟರ್ ಮಾತ್ರ.

ಗಾಳಿಯ ತೇವವನ್ನೂ ನೋಡಿ. ಒಮ್ಮೆ ತುಂಬಾ ತೇವದ ದಿನಗಳಲ್ಲಿ ಹಲಗೆ ಉಬ್ಬಿದ್ದ ಗಿಟಾರಿನ ಸ್ಯಾಡಲ್ ಇಳಿಸಿಕೊಟ್ಟೆ. ಗಾಳಿ ಒಣಗಿದ ಮೇಲೆ ಹಲಗೆ ತಗ್ಗಿ, ಅರ್ಧ ಕತ್ತಿನಲ್ಲಿ ತಂತಿ ಜಿರ್ ಅನ್ನತೊಡಗಿತು. ಹೊಸ ಸ್ಯಾಡಲ್ ಮಾಡಿಕೊಟ್ಟೆ. ಈಗ ಕೋಣೆಯ ತೇವ 45ರಿಂದ 55 ಶೇಕಡದೊಳಗೆ ಇದ್ದರೆ ಮಾತ್ರ ಅಳೆಯುತ್ತೇನೆ.

ಕೊನೆಗೆ ಗಿಟಾರಿನವರ ಕೈಗೇ ಕೊಟ್ಟು, ಅವರು ನುಡಿಸುವಷ್ಟೇ ಜೋರಾಗಿ ಪ್ರತಿ ಫ್ರೆಟ್‌ನಲ್ಲೂ ನುಡಿಸಲು ಹೇಳುತ್ತೇನೆ. ಫ್ಲಮೆಂಕೋದಲ್ಲಿ ರಸ್ಗೆಯಾದೋ (ಬೆರಳುಗಳನ್ನು ಒಂದರ ಹಿಂದೊಂದು ಬಿಡಿಸಿ ತಂತಿಗಳ ಮೇಲೆ ಹಾಯಿಸುವುದು) ಬಾರಿಸುವಾಗ ಒಂದಿಷ್ಟು ಜಿರ್ ಇದ್ದರೆ ಅದು ಆ ವಾದ್ಯದ ಬನಿ, ಬಿಟ್ಟುಬಿಡುತ್ತೇನೆ. ಕ್ಲಾಸಿಕಲ್‌ನಲ್ಲಿ ಬಿಡುವುದಿಲ್ಲ. ಜೊತೆಗೆ ಅರ್ಧ ಮಿ.ಮೀ. ಹೆಚ್ಚು ಎತ್ತರದ ಇನ್ನೊಂದು ಸ್ಯಾಡಲ್ ಮಾಡಿ, ಅಳತೆ ಬರೆದು, ಪೆಟ್ಟಿಗೆಯಲ್ಲಿ ಹಾಕಿಕೊಡುತ್ತೇನೆ.